ಕತ್ತಿಯ ಒರೆಗೆ ಎಣ್ಣೆ ಬೇಡ

ಇದು ನವರಾತ್ರಿಗೆ ಹದಿನೈದು ದಿನ ಮೊದಲು ಶಿರಸಿಯಲ್ಲಿ ಆಡಿದ ಮಾತು. ಬರೆದುಕೊಡಿ ಅಂತ ಅವತ್ತು ಬಂದ ಸುಮಾರು ಜನ ಕೇಳಿದರು. ಆಡಿದ ಹಾಗೇ ಬರೆದಿದ್ದೇನೆ, ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮೂರು ಸಾಮಾನು ಇಟ್ಟಿದ್ದೇನೆ. ಒಂದು ಕತ್ತಿಯ ಒರೆ. ಒಳಗೆ ಮರ, ಮೇಲೆ ಕಪ್ಪು ಚರ್ಮ, ಬಾಯಿಗೂ ತುದಿಗೂ ಹಿತ್ತಾಳೆ ಕಟ್ಟು. ಇದು ನಮ್ಮ ಮನೆಯದು. ಇನ್ನೊಂದು ಕೋಣದ ತೊಗಲಿನ ಗುರಾಣಿ. ಮೂರನೆಯದು ಕೇಪಿನ ಕೋವಿ ಕಾಲದ ಸೊಂಟದ ಪಟ್ಟಿ, ಅದಕ್ಕೆ ಹೊಲಿದ ಮದ್ದಿನ ಚೀಲ ಇನ್ನೂ ಹಾಗೇ ಇದೆ. ಇವೆರಡನ್ನೂ ಗೆಳೆಯರ ಮನೆಯಿಂದ ಕೇಳಿ ತಂದಿದ್ದೇನೆ. ದಯವಿಟ್ಟು ಮುಟ್ಟಬೇಡಿ, ಹತ್ತಿರ ಬಂದು ನೋಡಿ, ಭೂತಗನ್ನಡಿ ಕೊಡುತ್ತೇನೆ.

ಹಳೆ ಆಯುಧ ಅಂದ ಕೂಡಲೇ ಎಲ್ಲರ ಕಣ್ಣು ಅಲಗಿನ ಮೇಲೆ. ಉಕ್ಕು ಎಂಥದ್ದು, ಎಷ್ಟು ವರ್ಷದ್ದು, ಮೇಲೆ ಏನಾದರೂ ಬರೆದಿದೆಯಾ. ಚರ್ಮದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಹವೆಯಲ್ಲಿ ಮೊದಲು ಹೋಗುವುದು ಚರ್ಮವೇ. ಸೋಂದೆ ಅರಸರ ಕಾಲದ್ದು ಅಂತ ಹೇಳಿಕೊಂಡು ಬಂದ ಕತ್ತಿಗಳು ಈ ಸೀಮೆಯ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ನಾನು ನೋಡಿದವುಗಳಲ್ಲಿ ಹೆಚ್ಚಿನವಕ್ಕೆ ಒರೆಯೇ ಇಲ್ಲ. ಕವಚದ ಕತೆಯೂ ಅಷ್ಟೇ. ಎದೆಗೆ, ಬೆನ್ನಿಗೆ, ಎರಡು ಪಕ್ಕೆಗೆ ಅಂತ ನಾಲ್ಕು ಉಕ್ಕಿನ ಹಲಗೆ ಕಟ್ಟಿಕೊಳ್ಳುವ ಕವಚ ಇರುತ್ತದೆ, ಚಾರ್ ಆಯಿನಾ ಅಂತಾರೆ. ಆ ನಾಲ್ಕನ್ನೂ ಮೈಗೆ ಹಿಡಿದಿಡುತ್ತಿದ್ದದ್ದು ಚರ್ಮದ ಪಟ್ಟಿ. ಮ್ಯೂಸಿಯಂಗಳಲ್ಲಿ ಹಲಗೆ ಉಳಿದಿರುತ್ತದೆ, ಪಟ್ಟಿ ಹೋಗಿರುತ್ತದೆ. ಇಲ್ಲದಿದ್ದರೆ ಯಾರೋ ಆಮೇಲೆ ಹಾಕಿದ ಹೊಸ ಪಟ್ಟಿ ಇರುತ್ತದೆ.

ಅಲಗಿನ ಮೇಲೆ ಅರಸನ ಹೆಸರು ಇರಬಹುದು, ಕಮ್ಮಾರನ ಗುರುತು ಇರಬಹುದು. ಚರ್ಮ ಹದ ಮಾಡಿದವರ, ಹೊಲಿದವರ ಹೆಸರು ನಾನು ಎಲ್ಲೂ ನೋಡಿಲ್ಲ. ಈ ಒರೆಯ ಹಿಂಬದಿಯ ಹೊಲಿಗೆ ನೋಡಿ, ಒಂದೊಂದು ಟಾಕೂ ಒಂದೇ ಅಳತೆ. ಆ ಕೈಯ ಕೆಲಸ ಉಳಿಯಬೇಕಾದರೆ ಈ ಚರ್ಮ ಉಳಿಯಬೇಕು. ಅವರು ಬಿಟ್ಟುಹೋದ ಗುರುತು ಬೇರೆ ಇಲ್ಲ.

ಈಗ ನೇರ ವಿಷಯಕ್ಕೆ ಬರುತ್ತೇನೆ. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ. ಯಾವ ಎಣ್ಣೆ ಹಚ್ಚಬೇಕು? ತೆಂಗಿನೆಣ್ಣೆಯಾ, ಎಳ್ಳೆಣ್ಣೆಯಾ, ಅಂಗಡಿಯಲ್ಲಿ ಸಿಗುವ ಲೆದರ್ ಕ್ರೀಮಾ? ನನ್ನ ಉತ್ತರವೂ ಒಂದೇ. ಯಾವುದೂ ಬೇಡ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಇದೇ ಒರೆಗೆ ಎಣ್ಣೆ ಹಚ್ಚಿದವನು ನಾನೇ. ಆಗ ನನಗೆ ಹತ್ತೊಂಬತ್ತು ವರ್ಷ. ಅಜ್ಜ ತೀರಿಕೊಂಡ ವರ್ಷ. ಅಟ್ಟದಿಂದ ಇದನ್ನು ಇಳಿಸಿದೆ, ಚರ್ಮ ಒಣಗಿ ಬಿರುಸಾಗಿತ್ತು, ನೋಡಿ ಹೊಟ್ಟೆ ಉರಿಯಿತು. ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಹತ್ತಿಯಲ್ಲಿ ಎರಡು ಮೂರು ಸಲ ಚೆನ್ನಾಗಿ ಕುಡಿಸಿದೆ. ಹೊಳೆಯಿತು. ತಿಂಗಳು ಪೂರ್ತಿ ಬಂದವರಿಗೆಲ್ಲ ತೋರಿಸಿದೆ. ಡಿಸೆಂಬರ್ ಬಂತು, ಒರೆ ಮೇಲೆಲ್ಲ ಬೆಳ್ಳಗೆ ಪದರ. ಬೂಷ್ಟು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅದು ಎರಡನೇ ತಪ್ಪು. ಮಾರನೇ ಬೇಸಿಗೆಯಲ್ಲಿ ಅಂಟು ಅಂಟು, ಧೂಳು ಮೆತ್ತಿಕೊಂಡು ಕಪ್ಪು ಕಿಟ್ಟ. ಮಳೆಗಾಲದಲ್ಲಿ ನಿಜವಾದ ಬೂಷ್ಟು. ಮೂರನೇ ವರ್ಷ ಹಿತ್ತಾಳೆ ಕಟ್ಟಿನ ಅಂಚಿನಲ್ಲಿ ಹಸಿರು ಮೇಣದಂಥದ್ದು ಉಕ್ಕಿ ಬಂತು. ಅದರ ಕೆಳಗಿನ ಚರ್ಮ ಬೆರಳು ತಾಗಿದರೆ ಉದುರುತ್ತಿತ್ತು. ಇಲ್ಲಿ ನೋಡಿ, ಈ ತುದಿಯಲ್ಲಿ ಚರ್ಮ ಇಲ್ಲ, ಬರೀ ಮರ ಕಾಣುತ್ತಿದೆ. ನೂರೈವತ್ತು ವರ್ಷ ತಡೆದದ್ದು ನನ್ನ ಕೈಯಲ್ಲಿ ಮೂರು ವರ್ಷದಲ್ಲಿ ಹೋಯಿತು. ಆಮೇಲೆ ನಾನು ಹಳೆ ಸಾಮಾನು ಉಳಿಸುವ ಈ ಕೆಲಸ ಕಲಿಯಲಿಕ್ಕೆ ಹೋದದ್ದಕ್ಕೆ ಅದೂ ಒಂದು ಕಾರಣ.

ಯಾಕೆ ಹೀಗಾಯಿತು ಅಂತ ಒಂದೊಂದಾಗಿ ಹೇಳುತ್ತೇನೆ.

ತೊಗಲು ಅಂದರೆ ಕೊಲಾಜನ್ ಅನ್ನುವ ನಾರುಗಳ ಹೆಣಿಗೆ. ಹಸಿ ತೊಗಲು ಬಿಟ್ಟರೆ ಕೊಳೆಯುತ್ತದೆ. ಕೊಳೆಯದ ಹಾಗೆ ಮಾಡುವುದಕ್ಕೆ ಹದ ಮಾಡುವುದು ಅಂತಾರೆ. ನಮ್ಮ ದೇಶದ ಹಳೆ ಚರ್ಮಕ್ಕೆಲ್ಲ ಹೆಚ್ಚಾಗಿ ಮರಗಿಡದ ಹದ. ಜಾಲಿ ತೊಗಟೆ, ಆವರಿಕೆ ತೊಗಟೆ, ಅಳಲೆಕಾಯಿ. ಇವುಗಳಲ್ಲಿ ಟ್ಯಾನಿನ್ ಇರುತ್ತದೆ, ಅದು ನಾರಿಗೆ ಅಂಟಿಕೊಂಡು ಕೊಳೆಯದಂತೆ ತಡೆಯುತ್ತದೆ. ಟ್ಯಾನಿನ್ ಅಂದರೆ ಏನು ಅಂತ ಶಿರಸಿಯವರಿಗೆ ನಾನು ಹೇಳಬೇಕಾ? ಅಡಿಕೆ ಬೇಯಿಸಿದ ಚೊಗರು ಅದೇ. ಬಾಯಿ ಒಗರಾಗುವುದೂ ಅದರಿಂದಲೇ. ಕ್ರೋಮ್ ಹದ, ಅಂದರೆ ಕ್ರೋಮಿಯಂ ಲವಣದಿಂದ ಮಾಡುವ ಹದ, ಬಹಳ ಈಚಿನದು. ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1884ರಲ್ಲಿ. ಅದಕ್ಕಿಂತ ಹಳೆಯ ಒರೆ ಅಂದರೆ ಮರಗಿಡದ ಹದದ್ದೇ ಅಂತ ಹೆಚ್ಚುಕಮ್ಮಿ ಧೈರ್ಯವಾಗಿ ಹೇಳಬಹುದು.

ಹದ ಮಾಡಿದ ಚರ್ಮ ಮೆತ್ತಗಿರುವುದು ಯಾತರಿಂದ? ಎಣ್ಣೆಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಎಣ್ಣೆಯದ್ದೂ ಪಾಲಿದೆ ನಿಜ, ಆದರೆ ಹಳೆ ಚರ್ಮದಲ್ಲಿ ಜಾಸ್ತಿ ಪಾಲು ಅದರೊಳಗಿನ ನೀರಿನ ಅಂಶದ್ದು. ಗಾಳಿಯಿಂದ ಅದು ತಾನೇ ತೇವ ತೆಗೆದುಕೊಳ್ಳುತ್ತದೆ, ತಾನೇ ಬಿಡುತ್ತದೆ. ಯಕ್ಷಗಾನದ ಮೂಲಕ ಇದು ನಮಗೆ ಗೊತ್ತೇ ಇದೆ, ಮಳೆಗಾಲದಲ್ಲಿ ಮದ್ದಳೆಯ ತೊಗಲು ಸಡಿಲಾಗಿ ಶ್ರುತಿ ಇಳಿಯುವುದಿಲ್ವಾ? ಅದೇ ಇಲ್ಲೂ. ಇನ್ನು ಚರ್ಮ ಬಿರುಸಾಗಿದೆ, ಬಾಗಿಸಿದರೆ ಬಿರುಕು ಬಿಡುತ್ತದೆ ಅಂದರೆ ನಾರುಗಳೇ ತುಂಡಾಗಿವೆ ಅಂತ ಅರ್ಥ. ತುಂಡಾದ ನಾರನ್ನು ಯಾವ ಎಣ್ಣೆಯೂ ಕೂಡಿಸುವುದಿಲ್ಲ.

ಮುಂದಿನ ಸಾಲಿನಲ್ಲಿ ಕೂತ ಒಬ್ಬ ಹಿರಿಯರು ಇಲ್ಲಿ ತಡೆದು ಕೇಳಿದರು. "ತಮಾ, ಚಪ್ಪಲಿಗೆ ಎಣ್ಣೆ ಹಚ್ಚಿದ್ರೆ ಬಾಳಿಕೆ ಬತ್ತು. ಇದಕ್ಕೆ ಮಾತ್ರ ಬ್ಯಾಡ ಅಂದ್ರೆ ಹ್ಯಾಂಗೆ?" ಒಳ್ಳೆ ಪ್ರಶ್ನೆ ಅದು. ಚಪ್ಪಲಿ ದಿನಾ ಬಾಗುತ್ತದೆ, ನೀರಿಗೆ ಹೋಗುತ್ತದೆ, ಎರಡು ಮೂರು ವರ್ಷ ಬಂದರೆ ಸಾಕು. ಕುದುರೆಯ ಜೀನಿಗೂ ಹಾಗೇ. ಬಳಸುವ ಚರ್ಮಕ್ಕೆ ಎಣ್ಣೆ ಸರಿ. ಈ ಒರೆ ಇನ್ನು ಯಾರ ಸೊಂಟಕ್ಕೂ ಹೋಗುವುದಿಲ್ಲ, ಬಾಗುವ ಕೆಲಸವೇ ಇಲ್ಲ. ಅದು ಸುಮ್ನೆ ಇದ್ದ ಹಾಗೆ ಇನ್ನೂ ನೂರು ವರ್ಷ ಇರಬೇಕು. ಎರಡರ ಉದ್ದೇಶವೇ ಬೇರೆ.

ಮ್ಯೂಸಿಯಂನವರಿಗೂ ಇದು ಮೊದಲೇ ಗೊತ್ತಿರಲಿಲ್ಲ. ಕುರಿ ಉಣ್ಣೆಯ ಜಿಡ್ಡು, ದೇವದಾರು ಜಾತಿಯ ಮರದ ಎಣ್ಣೆ, ಜೇನುಮೇಣ ಸೇರಿಸಿದ ಒಂದು ಮಿಶ್ರಣ ಬ್ರಿಟಿಷ್ ಮ್ಯೂಸಿಯಂ ಲೆದರ್ ಡ್ರೆಸಿಂಗ್ ಅಂತಲೇ ಪ್ರಸಿದ್ಧವಾಗಿತ್ತು. ಕಳೆದ ಶತಮಾನದಲ್ಲಿ ಹತ್ತಾರು ವರ್ಷ ಎಲ್ಲ ಕಡೆ ಅದನ್ನು ಹಚ್ಚಿದರು. ಆಮೇಲೆ ನೋಡಿದರೆ ಚರ್ಮ ಕಪ್ಪಾಗಿದೆ, ಅಂಟಾಗಿದೆ, ಧೂಳು ಹಿಡಿದಿದೆ, ಬಾಳಿಕೆ ಮಾತ್ರ ಹೆಚ್ಚಿಲ್ಲ. ಈಗ ಅಂಥದ್ದನ್ನು ಹಚ್ಚುವುದು ಹೆಚ್ಚುಕಡಿಮೆ ನಿಂತಿದೆ.

ತೆಂಗಿನೆಣ್ಣೆಗೆ ಇನ್ನೊಂದು ಗುಣ ಇದೆ, ಅದು 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಕಾರವಾರದಲ್ಲಿ ಇದು ಅಷ್ಟು ಗೊತ್ತಾಗದು, ಶಿರಸಿಯ ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಚರ್ಮದ ಒಳಗಿದ್ದದ್ದೂ ಹಾಗೇ ಮೇಲೆ ಬಂದು ಬೆಳ್ಳಗೆ ಕೂರುತ್ತದೆ. ನಾನು ಬೂಷ್ಟು ಅಂದುಕೊಂಡದ್ದು ಇದೇ. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಬೂಷ್ಟು ಹತ್ತಿಯ ಹಾಗೆ ಎಳೆಎಳೆಯಾಗಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಜಿಡ್ಡು ಹುಡಿಯ ಹಾಗೆ ಅಥವಾ ಮೇಣದ ಹಾಗೆ ಇರುತ್ತದೆ, ಒಂದು ಚೂರು ಕಡ್ಡಿಯ ತುದಿಯಲ್ಲಿ ತೆಗೆದು ಬೆರಳ ಮೇಲಿಟ್ಟರೆ ಮೈ ಬಿಸಿಗೇ ಕರಗುತ್ತದೆ.

ಹಸಿರು ಬಂದದ್ದು ಯಾಕೆ? ಎಣ್ಣೆ ಹಳತಾದಾಗ ಕಮಟು ವಾಸನೆ ಬರುತ್ತದಲ್ಲ, ಆಗ ಅದರಲ್ಲಿ ಕೊಬ್ಬಿನ ಆಮ್ಲ ಬಿಟ್ಟುಕೊಂಡಿರುತ್ತದೆ. ಅದು ಹಿತ್ತಾಳೆಯೊಳಗಿನ ತಾಮ್ರದ ಜೊತೆ ಸೇರಿ ಒಂಥರಾ ಸಾಬೂನಾಗುತ್ತದೆ, ಹಸಿರು ಸಾಬೂನು. ಇದು ಪಾತ್ರೆಗೆ ಹಿಡಿಯುವ ಕಿಲುಬಿನ ಹಾಗೆ ಒಣಕಲಲ್ಲ, ಮೆತ್ತಗೆ ಮೇಣದ ಹಾಗಿರುತ್ತದೆ. ಉಬ್ಬಿ ಬಂದು ಚರ್ಮವನ್ನು ಒಳಗಿಂದ ಎತ್ತುತ್ತದೆ. ಗುರಾಣಿಯ ಗುಬ್ಬಿ (ಉಬ್ಬಿದ ಗುಂಡಿ), ಪಟ್ಟಿಯ ಬಕಲ್, ಕವಚದ ಮೊಳೆ, ಹಿತ್ತಾಳೆ ಚರ್ಮಕ್ಕೆ ತಾಗುವ ಜಾಗ ಎಲ್ಲ ಹೀಗೇ. ತೆಗೆಯುವುದು ಹೇಗೆ? ಬಿದಿರಿನ ಕಡ್ಡಿಯನ್ನು ಚೂಪು ಮಾಡಿ, ಒಣಗಿದ್ದಾಗಲೇ, ಕೂತು ನಿಧಾನ ಕೆರೆದು ತೆಗೆಯಬೇಕು. ಒಂದು ಬಕಲಿಗೆ ಒಂದು ಮಧ್ಯಾಹ್ನ ಬೇಕು. ಕಬ್ಬಿಣದ ಸೂಜಿ, ಪಿನ್ನು ಬೇಡ. ಹುಣಸೆಹಣ್ಣು, ಬೂದಿ, ಹಿತ್ತಾಳೆ ಪಾಲಿಶ್ ಯಾವುದೂ ಚರ್ಮದ ಹತ್ತಿರ ಬರಬಾರದು. ಹುಣಸೆ ಹುಳಿ ಚರ್ಮದೊಳಗೆ ಇಳಿದರೆ ಮತ್ತೆ ತೆಗೆಯಲು ಆಗುವುದಿಲ್ಲ, ಪಾಲಿಶ್ ಹೊಲಿಗೆ ಸಂದಿಯಲ್ಲಿ ಬಿಳಿ ಗಾರೆಯಂತೆ ಕೂತುಬಿಡುತ್ತದೆ. ಹಿತ್ತಾಳೆ ಹೊಳೆಯಲೇಬೇಕು ಅಂತ ಏನಿಲ್ಲ.

ಇನ್ನು ಕಬ್ಬಿಣ. ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗುವುದು ನೋಡಿದ್ದೀರಿ, ಕೈಯೂ ಕಪ್ಪಾಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಮಸಿ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರು. ಒರೆಯೊಳಗೆ ಕತ್ತಿ ಇಟ್ಟರೆ ನಡೆಯುವುದೂ ಇದೇ. ಮರಗಿಡದ ಹದದ ಚರ್ಮ ಸ್ವಭಾವದಿಂದಲೇ ಸ್ವಲ್ಪ ಹುಳಿ. ಅದು ತೇವ ಹಿಡಿದು ಅಲಗಿಗೆ ಕೊಡುತ್ತದೆ, ಅಲಗು ತುಕ್ಕು ಹಿಡಿಯುತ್ತದೆ, ಆ ತುಕ್ಕು ಮತ್ತೆ ಚರ್ಮವನ್ನು ಕಪ್ಪು ಮಾಡಿ ಪುಡಿ ಮಾಡುತ್ತದೆ. ಒಂದನ್ನೊಂದು ತಿನ್ನುತ್ತಾ ಹೋಗುತ್ತವೆ. ಕರಾವಳಿಯಲ್ಲಿ ಇದಕ್ಕೆ ಉಪ್ಪೂ ಸೇರುತ್ತದೆ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ತಾನಾಗಿ ನೀರಾಗುತ್ತದೆ, ಜೂನ್ ತಿಂಗಳಲ್ಲಿ ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಸಾಣಿಕಟ್ಟೆಯ ಉಪ್ಪಿನ ಆಗರದ ಹತ್ತಿರದವರಿಗೂ ಅಂಕೋಲಾ ಕಾರವಾರದ ಸಮುದ್ರದ ದಂಡೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಿಟಕಿಯ ಸರಳೇ ಸಾಕ್ಷಿ.

ಹಾಗಾಗಿ ಕತ್ತಿಯನ್ನೂ ಒರೆಯನ್ನೂ ಬೇರೆ ಬೇರೆ ಇಡಿ. ಒಬ್ಬ ಅಕ್ಕ ಕೇಳಿದರು, "ಒರೆ ಇರುವುದೇ ಕತ್ತಿ ಇಡಲಿಕ್ಕೆ ಅಲ್ವಾ?" ಹೌದು, ಸೊಂಟದಲ್ಲಿ ಕಟ್ಟಿಕೊಂಡು ಹೋಗುವಾಗ. ಪೆಟ್ಟಿಗೆಯಲ್ಲಿ ಐವತ್ತು ವರ್ಷ ಇಡಲಿಕ್ಕಲ್ಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಡಬಹುದು, ನಡುವೆ ಬಟ್ಟೆ ಇರಲಿ. ಬೇರೆ ಮಾಡುವಾಗ ಕತ್ತಿ ಸಿಕ್ಕಿಕೊಂಡಿದ್ದರೆ ಜಗ್ಗಬೇಡಿ. ಕತ್ತಿ ಒಳಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಒರೆಯ ಮರ ಎರಡು ಹೋಳು ಸೇರಿಸಿದ್ದು, ಅದನ್ನು ಹಿಡಿದಿರುವುದೇ ಮೇಲಿನ ಚರ್ಮ. ಜಗ್ಗಿದರೆ ಅಲಗು ಒರೆಯನ್ನು ಸೀಳಿಕೊಂಡು ನಿಮ್ಮ ಕೈಗೇ ಬರಬಹುದು. ಮತ್ತೆ ಎಲ್ಲರೂ ಮಾಡುವ ಒಂದು ಕೆಲಸ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು. ಅದು ನೇರ ಚರ್ಮಕ್ಕೆ ಇಳಿಯುತ್ತದೆ. ಅಂಥ ಕತ್ತಿಯನ್ನು ಹಾಗೇ ಬಿಟ್ಟು ತಿಳಿದವರಿಗೆ ತೋರಿಸಿ.

ಮಳೆಗಾಲಕ್ಕೆ ಬರೋಣ, ನಮ್ಮ ಮುಖ್ಯ ವೈರಿ ಅದೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ಶೇ 65 ದಾಟಿ ಕೆಲವು ದಿನ ನಿಂತರೆ ಚರ್ಮದ ಮೇಲೆ ಬೂಷ್ಟು ಬರುತ್ತದೆ. ನಮ್ಮಲ್ಲಿ ಜುಲೈ ತಿಂಗಳಿಡೀ 85, 90. ಮ್ಯೂಸಿಯಂ ಪುಸ್ತಕದಲ್ಲಿ 45ರಿಂದ 55 ಇರಲಿ ಅಂತ ಬರೆದಿರುತ್ತಾರೆ, ಅದು ಎಸಿ ಇರುವ ಕೋಣೆಯ ಮಾತು. ದಿನಕ್ಕೆ ಆರು ಸಲ ಕರೆಂಟು ಹೋಗುವ ಮನೆಯಲ್ಲಿ ಏನು ಮಾಡುವುದು?

ಒಂದು ಉಪಾಯ ನಾನು ನಮ್ಮ ಮನೆಯಲ್ಲಿ ಮಾಡಿದ್ದು. ಗಾಳಿ ಬಿಸಿಯಾದರೆ ಅದರ ತೇವದ ಪ್ರಮಾಣ ಇಳಿಯುತ್ತದೆ. 25 ಡಿಗ್ರಿಯಲ್ಲಿ ಶೇ 85 ಇರುವ ಗಾಳಿಯನ್ನು 30ಕ್ಕೆ ತಂದರೆ ಸುಮಾರು 64 ಆಗುತ್ತದೆ. ಬರೀ ಐದು ಡಿಗ್ರಿ ಸಾಕು. ಹಾಗಾಗಿ ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆ ಮಾದರಿಯ 15 ವ್ಯಾಟ್ ಬಲ್ಬ್ ಹಾಕಿ, ಮೇಲಿನ ಖಾನೆಯಲ್ಲಿ ಸಾಮಾನು ಇಟ್ಟೆ. ಎಲ್‌ಇಡಿ ಸಾಲದು, ಅದು ಅಷ್ಟು ಬಿಸಿಯಾಗುವುದಿಲ್ಲ. ಬಲ್ಬಿಗೆ ತಗಡಿನ ಮರೆ ಇರಬೇಕು, ಬಟ್ಟೆ ತಾಗಬಾರದು, ಬೆಳಕು ಚರ್ಮದ ಮೇಲೆ ಬೀಳಬಾರದು, ವೈರಿಂಗ್ ತಿಳಿದವರಿಂದಲೇ ಮಾಡಿಸಬೇಕು, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಬೇಕು. ಜೊತೆಗೆ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದು ಒಳಗಿರಲಿ, ತುಂಬಾ ದುಡ್ಡೇನೂ ಇಲ್ಲ. ಅದಿಲ್ಲದೆ ನಾವು ಮಾಡುವುದೆಲ್ಲ ಅಂದಾಜು. ಸಣ್ಣ ಸಾಮಾನಾದರೆ ಮುಚ್ಚಳ ಗಟ್ಟಿಯಿರುವ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್. ಅದನ್ನು ಆಗಾಗ ಒಣಗಿಸಬೇಕು, ಇಲ್ಲದಿದ್ದರೆ ಡಬ್ಬಿಯೊಳಗೆ ತೇವವನ್ನು ನೀವೇ ಕೂಡಿಟ್ಟ ಹಾಗಾಗುತ್ತದೆ. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಲ್ಲ, ಅದು? ತೇವದ ಮಟ್ಟಿಗೆ ನಮ್ಮ ಹಿರಿಯರು ಸರಿಯಾಗೇ ಯೋಚಿಸಿದ್ದರು. ಬೆಚ್ಚಗೆ, ಒಣ, ಹೊಗೆಗೆ ಹುಳವೂ ಬರುವುದಿಲ್ಲ. ಆದರೆ ಹೊಗೆಯ ಮಸಿ ಜಿಡ್ಡಾಗಿ ಕೂರುತ್ತದೆ, ಹೊಗೆಯಲ್ಲೂ ಹುಳಿ ಇದೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಬಂದಿದೆ, ಅಟ್ಟ ಬೆಚ್ಚಗೂ ಇಲ್ಲ, ಹಂಚಿನ ಸಂದಿಯಿಂದ ಸೋರುವುದು ಮಾತ್ರ ಹಾಗೇ ಇದೆ. ಅಟ್ಟದಲ್ಲಿ ಏನಾದರೂ ಇದ್ದರೆ ಕೆಳಗಿಳಿಸಿ.

ಬೂಷ್ಟು ಬಂದೇ ಬಂತು ಅಂದುಕೊಳ್ಳಿ. ಬಿಸಿಲಿಗೆ ಇಡಬೇಡಿ. ಇದು ನಮ್ಮೆಲ್ಲರಿಗೂ ಅಭ್ಯಾಸ, ಹಾಸಿಗೆ ಒಣಗಿಸಿದ ಹಾಗೆ ಅಂಗಳಕ್ಕೆ ಇಡುವುದು. ಚೆನ್ನಾಗಿ ಹದವಾದ ಹೊಸ ಚರ್ಮ ಒದ್ದೆಯಿದ್ದಾಗ 75, 80 ಡಿಗ್ರಿವರೆಗೆ ತಡೆಯುತ್ತದೆ. ಹಾಳಾದ ಹಳೆ ಚರ್ಮ ಒದ್ದೆಯಿದ್ದರೆ 40ಕ್ಕೇ ಮುದುಡಿಹೋಗಬಹುದು. ಕಪ್ಪು ಒರೆ ಬಿಸಿಲಲ್ಲಿ ಅದಕ್ಕಿಂತ ಜಾಸ್ತಿಯೇ ಬಿಸಿಯಾಗುತ್ತದೆ. ಒಮ್ಮೆ ಮುದುಡಿದ ಚರ್ಮ ಮತ್ತೆ ಹಿಂದಿನ ಹಾಗಾಗುವುದಿಲ್ಲ, ಅಷ್ಟೇ. ನೆರಳಲ್ಲಿ ಫ್ಯಾನ್ ಹಾಕಿ ಎರಡು ಮೂರು ದಿನ ಒಣಗಿಸಿ. ಬೂಷ್ಟು ಒಣಗಿ ಹುಡಿಯಾದ ಮೇಲೆ ಮನೆ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆ ಕುಂಚದಲ್ಲಿ ಝಾಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಗೆ ತೆಳು ಮಲ್ ಬಟ್ಟೆ ಕಟ್ಟಿ, ಕುಂಚದಿಂದ ಹುಡಿಯನ್ನು ಅದರ ಕಡೆ ತಳ್ಳಿ. ಬಾಯಿಯನ್ನು ಚರ್ಮಕ್ಕೆ ತಾಗಿಸಬೇಡಿ.

ಮಾಮೂಲಿ ಧೂಳಿಗೂ ಇಷ್ಟೇ. ಬಣ್ಣ ಬಳಿಯುವ ಮೇಕೆ ಕೂದಲಿನ ಕುಂಚ ಹೊಸದೊಂದು, ಹಳೇ ಹತ್ತಿ ಪಂಚೆಯ ತುಂಡು, ತಾಳ್ಮೆ. ನೂರಕ್ಕೆ ತೊಂಬತ್ತು ಮನೆಗಳಿಗೆ ಇದಕ್ಕಿಂತ ಹೆಚ್ಚಿನ ಶುಚಿ ಬೇಕಾಗಿಲ್ಲ ಅನ್ನುವುದು ನನ್ನ ಅನಿಸಿಕೆ. ಕುದುರೆ ಜೀನಿನ ಸಾಬೂನು, ಬೂಟ್ ಪಾಲಿಶ್, ಒದ್ದೆ ಬಟ್ಟೆ ಬೇಡವೇ ಬೇಡ. ಒದ್ದೆ ಮಾಡಲೇಬೇಕು ಅನಿಸಿದರೆ ಕಾಣದ ಜಾಗದಲ್ಲಿ ಸೂಜಿ ಮೊನೆಯಷ್ಟು ನೀರಿನ ಹನಿ ಇಟ್ಟು ನೋಡಿ. ಹನಿ ಹನಿಯಾಗೇ ಕೂತರೆ ಚರ್ಮದ ಮೇಲ್ಮೈ ಇನ್ನೂ ಗಟ್ಟಿ. ತಕ್ಷಣ ಇಂಗಿ ಕಪ್ಪು ಚುಕ್ಕೆ ಆಯಿತೋ, ಅಲ್ಲಿಗೆ ನಿಲ್ಲಿಸಿ.

ಇನ್ನೊಂದು ರೋಗ ಇದೆ, ಕೆಂಪು ಹುಡಿ. ಮುಟ್ಟಿದರೆ ಕೈಗೆ ಇಟ್ಟಿಗೆ ಹುಡಿಯಂಥದ್ದು ಹತ್ತುತ್ತದೆ. ಈ ಸೊಂಟದ ಪಟ್ಟಿಗೆ ಆಗಿರುವುದು ಅದೇ, ಕಾಗದದ ಮೇಲೆ ಉದುರಿದ್ದು ಕಾಣುತ್ತದೆ ನೋಡಿ. ಕಲ್ಲಿದ್ದಲ ಹೊಗೆಯ ಗಂಧಕದ ಅನಿಲವನ್ನು ಚರ್ಮ ಹೀರಿಕೊಂಡು ಒಳಗೇ ಆಮ್ಲ ಮಾಡಿಕೊಳ್ಳುತ್ತದೆ. ಲಂಡನ್ನಿನಲ್ಲಿ ಪುಸ್ತಕಗಳ ಚರ್ಮದ ರಟ್ಟು ಹೀಗೆ ಹುಡಿಯಾಗುವುದು ನೋಡಿ ಒಂದು ಸಮಿತಿಯನ್ನೇ ಕೂರಿಸಿದ್ದರು, 1905ರಲ್ಲಿ ಅದರ ವರದಿ ಪುಸ್ತಕವಾಗಿ ಬಂತು. ಆವರಿಕೆ ತೊಗಟೆಯ ಹದಕ್ಕೆ ಈ ರೋಗ ಬೇಗ ಬರುತ್ತದೆ, ಅಳಲೆಕಾಯಿಯ ಹದ ಅದಕ್ಕಿಂತ ತಡೆಯುತ್ತದೆ. ಅಳಲೆ ನಮ್ಮ ಕಾಡಿನದು ಅಂತ ಹೇಳಿಕೊಳ್ಳಲಿಕ್ಕೆ ನನಗೆ ಖುಷಿ. ರೋಗ ಬಂದ ಚರ್ಮ ವಾಸಿಯಾಗುವುದಿಲ್ಲ, ಉದುರದ ಹಾಗೆ ಹಿಡಿದಿಡಬಹುದು ಅಷ್ಟೇ. ಕ್ಲೂಸೆಲ್ ಜಿ ಅಂತ ಒಂದು ಹುಡಿ ಸಿಗುತ್ತದೆ, ಒಂದೆರಡು ಗ್ರಾಮನ್ನು 100 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ ಕುಂಚದಲ್ಲಿ ತೆಳುವಾಗಿ ಹಚ್ಚುತ್ತಾರೆ. ಇದನ್ನು ಕೇಳಿ ಎಲ್ಲದಕ್ಕೂ ಹಚ್ಚಲು ಹೊರಡಬೇಡಿ. ಈ ಗುರಾಣಿಗೆ ಹಚ್ಚಿದರೆ ಅನಾಹುತ.

ಯಾಕೆಂದರೆ ಗುರಾಣಿಯ ಹೊಳಪು ಅರಗಿನದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮುನ್ನೂರು ವರ್ಷದ ಕಪ್ಪು ಬಣ್ಣ ಕುಂಚಕ್ಕೆ ಬಂದುಬಿಡುತ್ತದೆ. ಇಂಥ ಗುರಾಣಿಗಳಲ್ಲಿ ಹೆಚ್ಚಿನವು ಸರಿಯಾಗಿ ಹದ ಮಾಡಿದ ಚರ್ಮವೂ ಅಲ್ಲ, ದಪ್ಪ ಹಸಿ ತೊಗಲನ್ನು ಅಚ್ಚಿಗೆ ಬಡಿದು ಒಣಗಿಸಿದ್ದು. ನೀರು, ಬಿಸಿ ಎರಡೂ ಆಗದು. ಮೇಲೆ ಕಾಣುವ ನಾಲ್ಕು ಹಿತ್ತಾಳೆ ಗುಬ್ಬಿ ಬರೀ ಅಲಂಕಾರಕ್ಕಲ್ಲ, ಹಿಂದೆ ಕೈ ಹಿಡಿಯುವ ಪಟ್ಟಿಯ ಬಳೆಗಳನ್ನು ಹಿಡಿದಿರುವುದು ಅವೇ. ಹಿಂಬದಿಯಲ್ಲಿ ಗೆಣ್ಣು ತಾಗದಿರಲಿ ಅಂತ ಒಂದು ಸಣ್ಣ ಮೆತ್ತೆಯೂ ಇದೆ. ಎಷ್ಟೋ ಮನೆಯಲ್ಲಿ ಆ ಹಿಡಿಕೆಯ ಪಟ್ಟಿಗೇ ಹಗ್ಗ ಕಟ್ಟಿ ಗೋಡೆಗೆ ತೂಗಿಹಾಕಿರುತ್ತಾರೆ. ಇಡೀ ಗುರಾಣಿಯಲ್ಲಿ ಎಲ್ಲಕ್ಕಿಂತ ದುರ್ಬಲ ಜಾಗ ಅದು. ಮಗುಚಿ ಮೆತ್ತನೆ ಬಟ್ಟೆಯ ಸಿಂಬಿ ಮಾಡಿ ಮಲಗಿಸಿ ಇಡಿ. ಒಂದು ವೇಳೆ ಗುರಾಣಿ ಅರೆಪಾರದರ್ಶಕವಾಗಿ, ಜೇನಿನ ಬಣ್ಣದಲ್ಲಿ ಇದ್ದರೆ ಅದು ಖಡ್ಗಮೃಗದ ತೊಗಲು ಇರಬಹುದು. ಅದನ್ನು ಮಾರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅರಣ್ಯ ಇಲಾಖೆಯವರ ಹತ್ತಿರ ಕೇಳಿಕೊಳ್ಳಿ.

ಮದ್ದಿನ ಚೀಲದ ಬಗ್ಗೆ ಒಂದು ಎಚ್ಚರಿಕೆ. ಒಳಗೆ ಕಪ್ಪು ಹುಡಿ ಉಳಿದಿದ್ದರೆ ಅದು ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಅದಕ್ಕೆ ವ್ಯಾಕ್ಯೂಮ್ ಹಾಕಬೇಡಿ, ಹತ್ತಿರ ದೀಪ ತರಬೇಡಿ, ಸೀದಾ ಪೊಲೀಸರಿಗೆ ತಿಳಿಸಿ. ಹಳೆ ಮನೆಗಳಲ್ಲಿ ಗಮೆಕ್ಸಿನ್, ಡಿಡಿಟಿ ಹುಡಿಯನ್ನು ಪೆಟ್ಟಿಗೆಗೆಲ್ಲ ಉದುರಿಸುತ್ತಿದ್ದರು, ಅದಕ್ಕೇ ಇವನ್ನು ಮುಟ್ಟುವಾಗ ಕೈಗವಸು ಹಾಕಿ. ಈಗಿನವರು ನುಸಿಗುಳಿಗೆ ಹಾಕುತ್ತಾರೆ, ಅದರ ಆವಿ ಅರಗಿಗೂ ಒಳ್ಳೆಯದಲ್ಲ ನಿಮಗೂ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ತೆರೆದು ನೋಡುವುದೇ ಹುಳಕ್ಕೆ ಔಷಧ. ಒರೆಯ ಕೆಳಗೆ ಮರದ ಹುಡಿ ಬಿದ್ದಿದ್ದರೆ ಒಳಗಿನ ಮರಕ್ಕೆ ಹುಳ ಹೊಕ್ಕಿದೆ ಅಂತ ಗೊತ್ತಾಗುತ್ತದೆ.

ಈಗ ಆಯುಧ ಪೂಜೆ. ಇದನ್ನು ಹೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ, ಯಾಕೆಂದರೆ ಈ ಸಾಮಾನುಗಳು ಇಷ್ಟು ವರ್ಷ ಉಳಿದದ್ದೇ ಪೂಜೆಯಿಂದ. ವರ್ಷಕ್ಕೊಮ್ಮೆ ದೇವರ ಮುಂದೆ ಇಡುವ ರೂಢಿ ಇಲ್ಲದಿದ್ದರೆ ಇವೆಲ್ಲ ಎಂದೋ ಗುಜರಿಗೆ ಹೋಗುತ್ತಿದ್ದವು. ಪೂಜೆ ಬಿಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಕುಂಕುಮ ಅಂದರೆ ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾದದ್ದು. ಸುಣ್ಣ ಕ್ಷಾರ, ಅದು ತಾಗಿದಲ್ಲಿ ಮರಗಿಡದ ಹದದ ಚರ್ಮ ಕಪ್ಪಾಗಿ ಸುಡುತ್ತದೆ. ಈಗಿನ ಅಂಗಡಿ ಕುಂಕುಮದಲ್ಲಿ ಬಣ್ಣವೂ ಇರುತ್ತದೆ, ಅದು ತೇವಕ್ಕೆ ಕರಗಿ ಒಳಗಿಳಿದರೆ ಹೋಗುವುದೇ ಇಲ್ಲ. ನಿಂಬೆಹಣ್ಣು ಹಿಂಡಿದರೆ ಹುಳಿ, ತೀರ್ಥ ಪ್ರೋಕ್ಷಿಸಿದರೆ ನೀರು. ನಮ್ಮ ಮನೆಯಲ್ಲಿ ಹಾದಿ ತೋರಿಸಿದ್ದು ನಮ್ಮ ಅತ್ತಿಗೆ. ಬಾಳೆ ಎಲೆಯ ಮೇಲೆ ಬಿಳಿ ಪಂಚೆ ಮಡಚಿ ಹಾಸಿ, ಅದರ ಮೇಲೆ ಕತ್ತಿ, ಒರೆ ಬೇರೆ ಬೇರೆ ಮಲಗಿಸುತ್ತೇವೆ. ಮುಂದೆ ಒಂದು ವೀಳ್ಯದೆಲೆ ಇಟ್ಟು ಅರಿಶಿನ ಕುಂಕುಮ ಹೂವು ಎಲ್ಲ ಅದಕ್ಕೆ. ಆರತಿ ಸ್ವಲ್ಪ ದೂರದಿಂದ. ಪುರೋಹಿತ ಭಟ್ಟರು ಮೊದಲ ವರ್ಷ ಒಂದು ಕ್ಷಣ ನೋಡಿ, ಅಡ್ಡಿಲ್ಲೆ ಅಂದರು. ಹತ್ತು ವರ್ಷದಿಂದ ಹಾಗೇ ನಡೆದಿದೆ. ಹಿಂದಿನವರು ಹಚ್ಚಿದ ಹಳೆ ಕುಂಕುಮದ ಕಲೆಯನ್ನು ಮಾತ್ರ ತೆಗೆಯಬೇಡಿ. ತೆಗೆಯಲು ಹೋದರೆ ಚರ್ಮವೂ ಬರುತ್ತದೆ, ಮತ್ತೆ ಅದು ಆ ಸಾಮಾನಿನ ಕತೆಯ ಭಾಗವೇ.

ಹರಿದ ಹೊಲಿಗೆಗೆ ಏನು ಮಾಡಲಿ ಅಂತ ಕೊನೆಗೆ ಒಬ್ಬರು ಕೇಳಿದರು. ಫೆವಿಕಾಲ್ ಬೇಡ, ಫೆವಿಕ್ವಿಕ್ ಅಂತೂ ಬೇಡವೇ ಬೇಡ. ಅದು ಕಲ್ಲಾಗುತ್ತದೆ, ಮುಂದಿನ ಬಿರುಕು ಅದರ ಅಂಚಿನಲ್ಲೇ ಶುರುವಾಗುತ್ತದೆ. ಸದ್ಯಕ್ಕೆ ಬಿಳಿ ಹತ್ತಿಯ ಲಾಡಿಯನ್ನು ಸಡಿಲವಾಗಿ ಕಟ್ಟಿಡಿ, ಸಾಕು. ಉದುರಿದ ಚೂರುಗಳನ್ನು ಎಸೆಯದೆ ಕಾಗದದ ಪೊಟ್ಟಣದಲ್ಲಿ, ಎಲ್ಲಿಂದ ಬಿದ್ದದ್ದು ಅಂತ ಬರೆದು ಜೊತೆಗೇ ಇಡಿ. ಸರಿಯಾದ ರಿಪೇರಿ ಬೇಕು ಅಂದರೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಕೇಂದ್ರ ಮೈಸೂರಿನಲ್ಲಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಇದೆ, ವಿಚಾರಿಸಿ. ಕವಚದ ಪಟ್ಟಿ ಪೂರ್ತಿ ತುಂಡಾಗಿದ್ದರೆ ಹಲಗೆಗಳನ್ನು ಬಿಡಿಬಿಡಿಯಾಗಿ ಮಲಗಿಸಿ ಇಡಬಹುದು, ತೊಡಿಸಿ ನಿಲ್ಲಿಸಲೇಬೇಕು ಅಂತಿಲ್ಲ. ಬಿರುಸಾದ ಪಟ್ಟಿಯನ್ನು ಬಕಲಿಗೆ ಹಾಕಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಒಂದೇ ಸಲ ಬಾಗಿಸಿದರೂ ಮುರಿಯುತ್ತದೆ.

ಮನೆಗೆ ಹೋಗಿ ಇವತ್ತೇ ಏನಾದರೂ ಮಾಡಬೇಕು ಅನಿಸಿದರೆ ಫೋಟೊ ತೆಗೆಯಿರಿ. ಹಗಲು ಬೆಳಕಿನಲ್ಲಿ, ನಾಲ್ಕೂ ಬದಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಮುಂದಿನ ನವರಾತ್ರಿಗೆ ಅದೇ ಜಾಗದಲ್ಲಿ ಇಟ್ಟು ಮತ್ತೆ ತೆಗೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬಿರುಕು ಬೆಳೆದಿದೆಯಾ, ಹಸಿರು ಹೆಚ್ಚಾಗಿದೆಯಾ ಅಂತ ನಿಮಗೇ ಗೊತ್ತಾಗುತ್ತದೆ. ಈ ಒರೆಯದ್ದು ನನ್ನ ಹತ್ತಿರ ಹದಿನಾಲ್ಕು ವರ್ಷದ ಫೋಟೊ ಇದೆ. ಕೊನೆಯ ಒಂಬತ್ತರಲ್ಲಿ ಏನೂ ಬದಲಾಗಿಲ್ಲ.